ನಾಡಿ ನೂರಾನಾಲ್ಕು

ಊರಿನ ವೈದ್ಯ ನಿನಿಯನ್ ಹೇಗ್ ಬಾಗಿಲು ತಟ್ಟಲಿಲ್ಲ, ಗುದ್ದಿದ. ಎಡಿನ್‌ಬರೋದಿಂದ ಉತ್ತರ ಬಂದಿದೆ, ತನ್ನ ಕಳ್ಳತನವೂ ಬಯಲಾಗಿದೆ ಎಂದು ಗ್ರಿಜಲ್‌ಗೆ ಅಷ್ಟರಲ್ಲೇ ಗೊತ್ತಾಯಿತು.

"ನನ್ನ ಬೆನ್ನ ಹಿಂದೆ ದೊಡ್ಡ ಡಾಕ್ಟರಿಗೆ ಕಾಗದ ಬರೆದಿದೀರಾ?" ಒಳಗೆ ಬಂದವನು ಟೋಪಿ ಕೂಡ ತೆಗೆಯಲಿಲ್ಲ.

"ಬರೆದೆ. ನಿಮ್ಮ ಮುಂದೆ ಕೂತು ಬರೆದಿದ್ರೆ ಬಿಡ್ತಿದ್ರಾ?"

"ಊರಿನ ವೈದ್ಯ ಬರೀಬೇಕು, ಅವರು ಓದಿ ಮದ್ದು ಹೇಳ್ಬೇಕು. ಅದು ಪದ್ಧತಿ."

"ಚುಚ್ಚಿಸಿಕೊಳ್ಳೋ ತೋಳು ಮಾತ್ರ ನನ್ನದು, ಅಲ್ವಾ?"

ಒಲೆಯ ಮುಂದೆ ಓಟ್ಸ್ ರೊಟ್ಟಿ ತಿರುವುತ್ತಿದ್ದ ಎಫಿ ಚಿಕ್ಕಮ್ಮ ತಲೆ ಎತ್ತಲಿಲ್ಲ. ಇವರಿಬ್ಬರ ಜಗಳ ಅವಳಿಗೆ ಹೊಸದೇನಲ್ಲ.

ಗ್ರಿಜಲ್‌ಗೆ ಹದಿನೇಳನೆಯ ವಯಸ್ಸಿನಿಂದ ಅರೆತಲೆನೋವು. ಹತ್ತು ದಿನಕ್ಕೊಮ್ಮೆ ಕಿಟಕಿ ಮುಚ್ಚಿಕೊಂಡು, ವಾಂತಿಗೊಂದು ಬೋಗುಣಿ ಪಕ್ಕದಲ್ಲಿಟ್ಟುಕೊಂಡು ಮಲಗಬೇಕು. ಈಗ ಇಪ್ಪತ್ತೆಂಟು. ಎಡಿನ್‌ಬರೋದ ಡಾಕ್ಟರು ಅವಳ ಮುಖ ನೋಡಿದವರಲ್ಲ. ಸ್ಕಾಟ್ಲೆಂಡಿನ ಅರ್ಧ ಜನರ ಕಾಯಿಲೆಗೆ ಅಂಚೆಯಲ್ಲೇ ಮದ್ದು ಹೇಳುವ ದೊಡ್ಡ ಮನುಷ್ಯರು. ನಿನಿಯನ್ ಅವರ ಹಳೆಯ ಶಿಷ್ಯ. ಈ ಕೆಲ್ಸೊ ಊರಿನಿಂದ ಅವನು ಬರೆದ ಕಾಗದದಲ್ಲಿ 'ನಾಡಿ ನಿಮಿಷಕ್ಕೆ ನೂರಾನಾಲ್ಕು' ಎಂದಿತ್ತು. ಅಷ್ಟು ಸಾಕಾಯಿತು. ರಕ್ತ ಕೆರಳಿದೆ, ಎರಡು ವಾರಕ್ಕೊಮ್ಮೆ ತೋಳಿನಿಂದ ಒಂದು ಬಟ್ಟಲು ತೆಗೆಯಿರಿ ಎಂದು ಅಪ್ಪಣೆ ಬಂತು.

ನಾಲ್ಕು ಬಟ್ಟಲು ಹೋದವು. ತಲೆನೋವು ಇದ್ದಲ್ಲೇ ಇತ್ತು. ಗ್ರಿಜಲ್ ಮಾತ್ರ ಸುಣ್ಣದಂತೆ ಬಿಳಿಚಿಕೊಂಡು, ಮಹಡಿ ಹತ್ತಲು ಗೋಡೆ ಹಿಡಿಯುವಂತಾದಳು. ಐದನೆಯದಕ್ಕೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಹೆದರಿಕೊಂಡೇ ಆ ಕಾಗದ ಬರೆದಿದ್ದಳು.

ನಿನಿಯನ್ ಉತ್ತರವನ್ನು ಜೋರಾಗಿ ಓದಿದ. "'ನಿಮ್ಮ ಕಾಗದದಲ್ಲಿ ನಾಡಿ ನೂರಾನಾಲ್ಕು. ರೋಗಿ ತಾನೇ ಹನ್ನೆರಡು ದಿನ ಎಣಿಸಿ ಬರೆದದ್ದರಲ್ಲಿ ಎಪ್ಪತ್ತನಾಲ್ಕು. ಈ ವ್ಯತ್ಯಾಸಕ್ಕೆ ಕಾರಣ ತಿಳಿಸುವುದು. ತಿಳಿಯುವವರೆಗೆ ರಕ್ತ ತೆಗೆಯುವುದನ್ನು ಮುಂದುವರಿಸುವುದು.' ಕೇಳಿಸ್ತಾ? ಯಾವುದರಲ್ಲಿ ಎಣಿಸಿದ್ರಿ ನೀವು?"

"ಚಿಕ್ಕಮ್ಮನ ಮರಳಿನ ಗಡಿಯಾರದಲ್ಲಿ. ಮೂರು ನಿಮಿಷ ಎಣಿಸಿ ಮೂರರಿಂದ ಭಾಗಿಸಿದೆ."

"ಮೊಟ್ಟೆ ಬೇಯಿಸೋ ಗಡಿಯಾರದಲ್ಲಿ ನಾಡಿ ನೋಡ್ತಾರಾ ಯಾರಾದ್ರೂ!"

"ಮೊಟ್ಟೆ ಸರಿಯಾಗೇ ಬೇಯತ್ತೆ. ನಿಮ್ಮ ಗಡಿಯಾರವೇ ಕೆಟ್ಟಿರ್ಬೇಕು."

ಅವನು ಜೇಬಿನಿಂದ ಗಡಿಯಾರ ತೆಗೆದು ಮೇಜಿನ ಮೇಲೆ ಕುಕ್ಕಿದ. "ಇದರಲ್ಲೇ ಎಣಿಸಿ. ನಾನು ಆ ಮೂಲೆಗೆ ಹೋಗ್ತೀನಿ."

ಗ್ರಿಜಲ್ ತನ್ನ ಮಣಿಕಟ್ಟು ತಾನೇ ಹಿಡಿದು ಎಣಿಸಿದಳು. ಎಪ್ಪತ್ತಾರು. ಎಫಿ ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ಎಣಿಸಿದಳು. ಅವಳಿಗೂ ಎಪ್ಪತ್ತಾರೇ.

ನಿನಿಯನ್ ಬಂದು ಎದುರು ಕೂತ. ಅವನ ಬೆರಳು ಯಾವತ್ತೂ ತಣ್ಣಗೆ. ಹೆಬ್ಬೆರಳಿನ ಮೇಲೆ ಶಾಯಿಯ ಕಲೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಅವನು ಗಡಿಯಾರ ನೋಡಿದ, ಅವಳು ಅವನ ರೆಪ್ಪೆ ನೋಡಿದಳು. ನೋಡಬಾರದು ಎಂದು ಒಲೆಯ ಕಡೆ ತಿರುಗಿದಳು. ಮತ್ತೆ ಕಣ್ಣು ಅಲ್ಲೇ ಬಂತು.

"ನೂರಾ ಆರು," ಎಂದ ನಿನಿಯನ್. ಅವನ ದನಿಯಲ್ಲಿ ಗೆದ್ದ ಜಂಬ ಇರಲಿಲ್ಲ.

"ಕೋಪಕ್ಕೆ!" ಗ್ರಿಜಲ್ ಕೈ ಕಿತ್ತುಕೊಂಡಳು. "ನಿಮ್ಮನ್ನ ಕಂಡ್ರೆ ಮೈ ಉರಿಯತ್ತೆ ನನಗೆ. ಅದಕ್ಕೇ ಹೀಗಾಗೋದು. ಹಾಗಂತ ಬರೀರಿ."

"ಕೋಪ ತಾನೇ? ಕೊಡು ಕೈ," ಎಂದು ಚಿಕ್ಕಮ್ಮ ಮಣಿಕಟ್ಟು ಹಿಡಿದಳು. "ಅಂದ ಹಾಗೆ, ನಿನ್ನ ನೀಲಿ ರೇಷ್ಮೆ ಗೌನು ಪಾದ್ರಿ ಹೆಂಡತಿಗೆ ಕೊಟ್ಟುಬಿಟ್ಟೆ."

"ಏನು? ನನ್ನಮ್ಮನ ಗೌನು! ಆ ಹೆಂಗಸಿಗಾ? ನನ್ನನ್ನೊಂದು ಮಾತು ಕೇಳೋದಲ್ವಾ?" ಗ್ರಿಜಲ್ ಕೂಗಿದ್ದಕ್ಕೆ ಮೇಜಿನ ಕೆಳಗಿದ್ದ ಬೆಕ್ಕು ಎದ್ದು ಹೋಯಿತು. ಅವಳು ಇನ್ನೂ ಏನೇನೋ ಅಂದಳು, ಪಾದ್ರಿಯನ್ನೂ ಬಿಡಲಿಲ್ಲ.

ಚಿಕ್ಕಮ್ಮ ಗಡಿಯಾರದಿಂದ ಕಣ್ಣೆತ್ತಿದಳು. "ಎಂಬತ್ತೊಂದು. ಗೌನು ನಿಜವಾಗ್ಲೂ ಕೊಟ್ಟಿದೀನಿ. ಆ ನೂರಾ ಆರು ಕೋಪದ್ದಲ್ಲ ಕಣೇ."

ಗ್ರಿಜಲ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಮಾನವಾದಾಗ ಎದುರಿನವರ ಮೇಲೆ ಬೀಳುವುದು ಅವಳ ಸ್ವಭಾವ.

"ಕೊಡಿ ನಿಮ್ಮ ಕೈ," ಎಂದಳು.

"ನನ್ನದ್ಯಾಕೆ?"

"ಕೊಡಿ ಅಂದೆ."

ಅವನು ಕೊಟ್ಟ. ಅವಳು ಎಣಿಸತೊಡಗಿದಳು. ಅರ್ಧ ನಿಮಿಷಕ್ಕೇ ಅರವತ್ತು ದಾಟಿತು. ಅವನ ಕಿವಿ ಕೆಂಪಾಗಿತ್ತು.

"ನಾಡಿ ನೋಡೋಕೆ ವಾರಕ್ಕೆ ಒಂದು ಸಲ ಬಂದ್ರೆ ಸಾಕಿತ್ತು," ಎಂದ ಅವನು ನೆಲ ನೋಡುತ್ತ. "ನಾನು ಮೂರು ಸಲ ಬರ್ತಿದ್ದೆ."

ಈ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಸಂತೋಷದ ಬೆನ್ನಿಗೇ ಇನ್ನೊಂದು ಹೊಳೆಯಿತು.

"ಹಾಗಾದ್ರೆ ಆ ನಾಲ್ಕು ಬಟ್ಟಲು... ಇದಕ್ಕೇನಾ ತೆಗೆದಿದ್ದು?"

ಅವಳಿಗಿಂತ ಅವನೇ ಹೆಚ್ಚು ಬಿಳಿಚಿಕೊಂಡ.

"ಬರೀರಿ," ಎಂದಳು ಗ್ರಿಜಲ್. "ಕಾರಣ ತಿಳಿಸಿ ಅಂದಿದಾರಲ್ಲ. ಮಧ್ಯಾಹ್ನದ ಅಂಚೆ ಸವಾರ ಹೊರಡೋದ್ರೊಳಗೆ ಬರೀರಿ."

"ಅವರು ಊರೂರಿನ ಕಾಗದಗಳನ್ನ ತರಗತಿಯಲ್ಲಿ ಓದ್ತಾರೆ ಗ್ರಿಜಲ್. ನೂರು ಹುಡುಗರ ಮುಂದೆ. ಹೆಸರು ಸಮೇತ."

"ಓದ್ಲಿ. ನನ್ನ ರಕ್ತಕ್ಕಿಂತ ನಿಮ್ಮ ಮರ್ಯಾದೆ ದೊಡ್ಡದಾ?"

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಮೂರು ಹಾಳೆ ಹರಿದ. ನಾಲ್ಕನೆಯದನ್ನು ಅವಳ ಮುಂದೆ ತಳ್ಳಿ ಕಿಟಕಿಯ ಹತ್ತಿರ ಹೋಗಿ ನಿಂತ.

'ಮಾನ್ಯರೇ, ವ್ಯತ್ಯಾಸಕ್ಕೆ ಕಾರಣ ನಾನು. ರೋಗಿಯ ನಾಡಿ ಎಪ್ಪತ್ತನಾಲ್ಕೇ. ನನ್ನ ಕೈ ತಾಗಿದಾಗ ಮಾತ್ರ ನೂರು ಮೀರುತ್ತದೆ. ಅದೇ ಹೊತ್ತಿನಲ್ಲಿ ನನ್ನ ನಾಡಿ ಇನ್ನೂ ವೇಗವಾಗಿರುತ್ತದೆ. ಅದನ್ನು ನಾನು ಹಿಂದಿನ ಕಾಗದದಲ್ಲಿ ಬರೆದಿರಲಿಲ್ಲ. ಆಕೆಯ ರಕ್ತದಲ್ಲಿ ದೋಷವಿಲ್ಲ. ನಾಲ್ಕು ಬಟ್ಟಲು ನಾನು ವ್ಯರ್ಥವಾಗಿ ತೆಗೆದೆ. ಐದನೆಯದನ್ನು ತಾವು ಹೇಳಿದರೂ ತೆಗೆಯಲಾರೆ. ಇತಿ, ನಿನಿಯನ್ ಹೇಗ್.'

ಗ್ರಿಜಲ್ ಎರಡು ಸಲ ಓದಿದಳು. ಅಳು ಬಂತು, ಸಿಟ್ಟೂ ಬಂತು. ಮೇಣ ಕರಗಿಸಿ ಮುದ್ರೆ ಒತ್ತಿದಳು. ಅವನು ಕಾಗದ ತೆಗೆದುಕೊಂಡು ಅಂಚೆಮನೆಗೆ ಹೋದ, ಮತ್ತೆ ಬರಲಿಲ್ಲ.

ಎಂಟು ದಿನ ಬರಲಿಲ್ಲ. ಆರನೆಯ ದಿನ ತಲೆನೋವು ಬಂದಾಗಲೂ, ಔಷಧಿಯ ಶೀಶೆಯನ್ನು ಹೊಸ್ತಿಲ ಮೇಲಿಟ್ಟು ಹಾಗೇ ಹೋಗಿದ್ದ. ಮುಟ್ಟಲು ಇವನಿಗೇನು ಹೆದರಿಕೆ ಎಂದು ಗ್ರಿಜಲ್ ಕತ್ತಲೆ ಕೋಣೆಯಲ್ಲಿ ಮಲಗಿ ಹಲ್ಲು ಕಡಿದಳು. ಅವನ ಮೇಲಿನ ಸಿಟ್ಟು ಹೋಗಿರಲಿಲ್ಲ. ಅವನಿಲ್ಲದೆ ದಿನವೂ ಹೋಗುತ್ತಿರಲಿಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ಈ ಸಲ ಅವನು ಮೆಲ್ಲಗೆ ಬಾಗಿಲು ತಟ್ಟಿದ. ಮುದ್ರೆ ಒಡೆದಿರಲಿಲ್ಲ, ಹಾಗೇ ಅವಳ ಕೈಗೆ ಕೊಟ್ಟು, ಟೋಪಿ ಹಿಡಿದುಕೊಂಡು ಹೊಸ್ತಿಲ ಆಚೆಯೇ ನಿಂತ. ಗ್ರಿಜಲ್ ಅವನನ್ನು ಒಳಗೆ ಕರೆಯದೆ ಜೋರಾಗಿ ಓದತೊಡಗಿದಳು.

"'ರಕ್ತ ತೆಗೆಯುವುದನ್ನು ಇಂದೇ ನಿಲ್ಲಿಸುವುದು. ನಾಡಿಯನ್ನು ಬೇರೆ ವೈದ್ಯರು ನೋಡತಕ್ಕದ್ದು. ಈ ತಲೆನೋವು ಪ್ರಾಣಕ್ಕೆ ಅಪಾಯವಲ್ಲ; ಆದರೆ ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ. ಜೀವಮಾನವಿಡೀ ಇರಬಹುದು. ಆದಕಾರಣ...'" ಅವಳು ನಿಲ್ಲಿಸಿದಳು.

"ಆದಕಾರಣ?" ಎಂದ ನಿನಿಯನ್.

ಅವಳು ಕಾಗದದಿಂದ ಕಣ್ಣೆತ್ತಿ ಅವನನ್ನು ಕೆಕ್ಕರಿಸಿ ನೋಡಿದಳು. ದನಿಯನ್ನು ಆದಷ್ಟೂ ಗಡುಸು ಮಾಡಿಕೊಂಡಳು.

"'ಆದಕಾರಣ ಈಕೆಯನ್ನು ಮದುವೆಯಾಗುವವನಿಗೆ ಈ ವಿಷಯವನ್ನು ಮುಂಚಿತವಾಗಿ ತಿಳಿಸತಕ್ಕದ್ದು.'"

ಕಾಗದ ಮಡಚಿದಳು.

"ತಿಳಿಸಿದೀನಿ ನಿನಗೆ," ಎಂದಳು. "ಆಮೇಲೆ ಹೇಳ್ಲಿಲ್ಲ ಅನ್ನಬೇಡ."