ಅರವತ್ತಕ್ಕೆ ತಿರುಗುವ ಗುಂಡಿ

ಚನ್ನಪಟ್ಟಣದ ಸುತ್ತ ಮನೆಮನೆಗೂ ಗೀಸರ್ ಕೂರಿಸುವ ವೈರಿಂಗ್ ಕೆಲಸದವನು ನಾನು. ದೆವ್ವಗಿವ್ವ ನಂಬಿದರೆ ನನ್ನ ಹೊಟ್ಟೆ ತುಂಬದು. "ಬಿಸಿಯ ಗುಂಡಿ ನಲವತ್ತೈದಕ್ಕೇ ಇಡಿ. ಕರೆಂಟು ಉಳೀತೈತೆ, ಮೈ ಸುಡಾಕಿಲ್ಲ" ಎಂದು ಎಲ್ಲರಿಗೂ ಹೇಳುತ್ತೇನೆ. ಬೈರಾಪಟ್ಟಣದ ನಮ್ಮ ಮನೆಯಲ್ಲೂ ಹಾಗೇ ಇಟ್ಟಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಗುಂಡಿ ಅರವತ್ತಕ್ಕೆ ತಿರುಗಿತ್ತು. ಮುಟ್ಟಿದರೆ ಹರಳೆಣ್ಣೆಯ ಜಿಡ್ಡು. ಒರೆಸಿ ಇಳಿಸಿದೆ. ಮರುದಿನವೂ ಅರವತ್ತು, ಅದೇ ಜಿಡ್ಡು, ಜೊತೆಗೆ ಯಾರೂ ಹಾಕದ ಸಾಂಬ್ರಾಣಿಯ ಘಮ.

"ಇಷ್ಟ್ ಬಿಸಿ ಯಾರ್ಗಮ್ಮೀ?" ಎಂದು ಹೆಂಡತಿ ವರಲಕ್ಷ್ಮಿಯ ಮೇಲೆ ರೇಗಿದೆ.

"ನಾನ್ ಮುಟ್ಟೇ ಇಲ್ಲ ಕಣ್ರೀ. ನಿಮ್ಮವ್ವ ಬಾಣಂತೀರ್ಗೆ ಹುಯ್ತಿದ್ದ ನೀರು ಹಿಂಗೇ ಸುಡ್ತಿತ್ತು" ಎಂದಳು.

ಊರಿನ ಬಾಣಂತಿಯರಿಗೆಲ್ಲ ಹರಳೆಣ್ಣೆ ಹಚ್ಚಿ ನೀರು ಹುಯ್ಯುತ್ತಿದ್ದ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ನಮ್ಮ ಮದುವೆಯಾಗಿ ಒಂಬತ್ತು. ಮಕ್ಕಳಿರಲಿಲ್ಲ.

ಅದೇ ವಾರ ಡಾಕ್ಟರಮ್ಮ ವರಲಕ್ಷ್ಮಿಯನ್ನು ನೋಡಿ ಬಸುರಿ ಎಂದರು. ಬೀದಿಗೆಲ್ಲ ಮೈಸೂರು ಪಾಕು ಹಂಚಿದೆ.

ಗುಂಡಿ ಇಳಿಸುವುದನ್ನು ಬಿಟ್ಟೆ. ಹೆರಿಗೆಯಾದ ಮೇಲೂ ಅದು ಅರವತ್ತರಲ್ಲೇ ಇತ್ತು. ಕೂಸನ್ನು ಮೊದಲ ಸಲ ಮೀಯಿಸುವ ದಿನ, ಎಲ್ಲಿ ಮೈ ಸುಟ್ಟೀತೋ ಎಂದು ಬಚ್ಚಲಿಗೆ ಓಡಿದೆ. ಗುಂಡಿ ತಾನಾಗಿ ಮೂವತ್ತೆಂಟಕ್ಕೆ ಇಳಿದಿತ್ತು. ಕೂಸು ಅಳಲೇ ಇಲ್ಲ.

ಮಗಳಿಗೀಗ ಎರಡು ವರ್ಷ. ಮೀಯುವಾಗ ನೀರೆರಚಿ ಕೇಕೆ ಹಾಕುತ್ತಾಳೆ.

ಬಾಣಂತನ ಮುಗಿದ ಮೇಲೆ ನಲವತ್ತೈದಕ್ಕೆ ಇಳಿಸಿದ್ದ ಗುಂಡಿ ಇವತ್ತು ಬೆಳಿಗ್ಗೆ ಮತ್ತೆ ಅರವತ್ತಕ್ಕೆ ತಿರುಗಿದೆ. ಅದರ ಮೇಲಿನ ಎಣ್ಣೆ ಇನ್ನೂ ಬೆಚ್ಚಗಿದೆ. ವರಲಕ್ಷ್ಮಿಗೆ ಇನ್ನೂ ಹೇಳಿಲ್ಲ.