ಕಾಣದ ಜಾಗದ ಪಾಲಿಶ್

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಆಕೆ ಠಾಣೆಯ ಮೆಟ್ಟಿಲು ಹತ್ತಿದಾಗ ಅಂಗೈ ಗೆರೆಗಳಲ್ಲಿ ಒಣಗಿದ ರಕ್ತವಿತ್ತು. ಅದು ಮಗಳದ್ದು. ದೂರನ್ನು ತಾನೇ ಬರೆಯುತ್ತೇನೆಂದು ಹಟ ಮಾಡಿ, ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟಳು. ಉಳಿದದ್ದನ್ನು ಮುಖ್ಯ ಪೇದೆ ಬರೆದುಕೊಂಡಳು. ಸೋಮವಾರ ಸಂಜೆ ಐದೂಕಾಲಿಗೆ ಬಿಲ್ಲುಗಾರಿಕೆ ಕ್ಲಬ್ಬಿನಲ್ಲಿ ಬಿಲ್ಲು ಮುರಿದು, ಹದಿನಾಲ್ಕು ವರ್ಷದ ಮಗಳ ಬಲಗಣ್ಣಿಗೆ ಚೂರು ಹೊಕ್ಕಿತ್ತು. ರಾತ್ರಿಯೇ ವೈದ್ಯರು ಕಣ್ಣು ತೆಗೆದಿದ್ದರು.

"ಕೋಚ್ ಮೇಲೆ ಬರ್ಕೊಳ್ಳಿ," ಎಂದಳು ತಾಯಿ. "ಆಸ್ಪತ್ರೆಗೆ ಬಂದು ಏನಂದ ಗೊತ್ತಾ? 'ಗುರಿ ಹಿಡಿಯೋಕೆ ಒಂದೇ ಕಣ್ಣು ಸಾಕು ಬಿಡಮ್ಮ' ಅಂದ."

ನಿರ್ಲಕ್ಷ್ಯದ ಆರೋಪದಡಿ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಕ್ಲಬ್ಬಿನಲ್ಲಿ ಪಂಚನಾಮೆ. ಬಿಲ್ಲು ಹಳೆಯದು, ಬಿಚ್ಚಿ ಜೋಡಿಸುವಂಥದ್ದು. ನಡುವೆ ಮರದ ಹಿಡಿ, ಮೇಲೊಂದು ಕೆಳಗೊಂದು ತೋಳು, ತೋಳುಗಳ ತುದಿ ಹೊರಕ್ಕೆ ಬಾಗಿದ್ದವು. ಎರಡು ಬೋಲ್ಟು ತಿರುಗಿಸಿದರೆ ಮೂರು ತುಂಡಾಗಿ ಚೀಲದಲ್ಲಿ ಕೂರುತ್ತಿತ್ತು. ಕಂಪನಿಯ ಹೆಸರಿಲ್ಲ, ಸಂಖ್ಯೆಯಿಲ್ಲ. ಮೇಲಿನ ತೋಳು ಹಿಡಿಯಿಂದ ಒಂದು ಗೇಣಿನಾಚೆ ಸೀಳಿಹೋಗಿತ್ತು.

ಕೋಚ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಬಿಲ್ಲು ಯಾರದು?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರಿಗ್ಗೊತ್ತು ಸಾರ್? ಭಾನುವಾರ ನನ್ನ ಕೋಣೆ ಬಾಗಿಲಲ್ಲಿ ಬಟ್ಟೇಲಿ ಸುತ್ತಿಟ್ಟಿತ್ತು. 'ಕೋಚ್ ಸಾಹೇಬರ ಕೈಗೆ ಮಾತ್ರ' ಅಂತ ಅಚ್ಚಕ್ಷರದ ಚೀಟಿ. ದಾನಕ್ಕೆ ಬಂದ ದನದ ಹಲ್ಲು ಯಾರು ಎಣಿಸ್ತಾರೆ?"

"ನಿಮ್ಮ ಕೈಗೆ ಬಂದದ್ದು ಹುಡುಗಿ ಕೈಗೆ ಹೇಗೆ ಹೋಯ್ತು?"

"ಗೊತ್ತಿಲ್ಲದ ಬಿಲ್ಲು ಮೊದಲು ಮಕ್ಕಳ ಕೈಗೇ ಕೊಡೋದು. ಗಟ್ಟಿ ಇದ್ಯೋ ಇಲ್ವೋ ತಿಳಿಯತ್ತೆ."

"ಅವಳು ಪೂರ್ತಿ ಎಳೆದಳಾ?"

"ಎಲ್ಲಿ? ಗಲ್ಲದ ಹತ್ರ ತಂದು ಕೋಳಿಮರಿ ಥರ ನಡುಗ್ತಾ ನಿಂತ್ಲು. ನಾನೇ ಮೊಣಕೈ ಹಿಡಿದು ಕಿವಿ ದಾಟಿಸಿದೆ. ಅಳು ಬಂದ್ರೂ ಬಿಡಬಾರದು. ಕಲಿಸೋದು ಅಂದ್ರೆ ಅದೇ."

ಹುಡುಗಿಯದೇ ಅಳತೆಯ ಇನ್ನೊಬ್ಬಳನ್ನು ಬೇರೆ ಬಿಲ್ಲಿನೊಂದಿಗೆ ನಿಲ್ಲಿಸಿ ಟೇಪು ಹಿಡಿದರು. ಗಲ್ಲಕ್ಕೆ ಇಪ್ಪತ್ತಾರು ಇಂಚು. ಕಿವಿ ದಾಟಿದರೆ ಮೂವತ್ತರ ಮೇಲೆ.

ಮುಖ್ಯ ಪೇದೆಗೆ ಠಾಣೆಯಲ್ಲಿ ಭೂತಗನ್ನಡಿ ಎಂದೇ ಅಡ್ಡಹೆಸರು. ಓದಲು ಕನ್ನಡಕ ಸಾಲದೆ ಜೇಬಿನಲ್ಲಿ ಅದನ್ನೇ ಇಟ್ಟುಕೊಂಡಿರುತ್ತಿದ್ದಳು. ಮುರಿದ ತೋಳಿನ ಮೇಲೆ ಅದನ್ನಿಟ್ಟು ಬಹಳ ಹೊತ್ತು ನೋಡಿದಳು.

"ಸಾರ್, ಇದು ತಾನಾಗಿ ಮುರಿದದ್ದಲ್ಲ. ಅಂಚಿಂದ ಸಣ್ಣ ಗರಗಸ ಹಾಕಿದಾರೆ. ಗಾಯಕ್ಕೆ ಮೇಣ, ಮರದ ಪುಡಿ ತುಂಬಿದಾರೆ. ಮಿಕ್ಕ ಪಾಲಿಶ್ ಎಲ್ಲಾ ಹಳೇದು, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಇಲ್ಲಿ ಮಾತ್ರ ಹೊಸದು."

ಪ್ರಕರಣ ನಿರ್ಲಕ್ಷ್ಯದ ಗಡಿ ದಾಟಿತು. ಬಿಲ್ಲು ಮಾಡಿದವನು ಯಾರು? ಅದೊಂದು ತಿಳಿಯದಿದ್ದರೆ ಆ ಹುಡುಗಿಯ ಕಣ್ಣಿಗೆ ಲೆಕ್ಕ ಕೊಡುವವರು ಯಾರೂ ಇರಲಿಲ್ಲ.

ಹನ್ನೆರಡೂವರೆಗೆ ಆಟದ ಸಾಮಾನಿನ ಅಂಗಡಿ. ಮಾಲೀಕ ಬೋಲ್ಟು ಬಿಚ್ಚಿ, ತೋಳು ಬಂದು ಕೂರುವ ಗುಂಡಿಯೊಳಗೆ ಟಾರ್ಚು ಬಿಟ್ಟ.

"ಕಾರ್ಖಾನೇದಲ್ಲ ಸಾರ್. ಗುಂಡಿ ಒಳಗೂ ಪಾಲಿಶ್ ಹೊಡೆದಿದಾನೆ. ಜೋಡಿಸಿದ ಮೇಲೆ ದೇವರಿಗೂ ಕಾಣದ ಜಾಗ. ಇಂಥ ಹುಚ್ಚ ಊರಿಗೊಬ್ಬನೇ ಇರೋದು."

"ಯಾರು?"

"ಬಿಲ್ಲು ಮಾಡ್ತಾನೆ ಅಂತ ನಾನಂತೂ ಕೇಳಿಲ್ಲ. ಆದರೆ..." ಆತ ಎದ್ದು ತಾನು ಕೂತಿದ್ದ ಕುರ್ಚಿಯನ್ನೇ ಬೋರಲು ಹಾಕಿದ. ಸೀಟಿನ ಅಡಿಭಾಗ ಕನ್ನಡಿಯಂತೆ ಹೊಳೆಯಿತು. "ಕುರ್ಚಿ ಮೇಸ್ತ್ರಿ. 'ಕೂತೋರ ಅಂಡು ಕೆಳಗೆ ಬಗ್ಗಿ ನೋಡತ್ತೇನಯ್ಯಾ' ಅಂದೆ. 'ನಾನು ನೋಡಿರ್ತೀನಲ್ಲ' ಅಂದ!"

ಭೂತಗನ್ನಡಿ ಕುರ್ಚಿಯಡಿ ಬಗ್ಗಿದಳು. ಅದೇ ಕೆಂಗಂದು ಬಣ್ಣ. ಬ್ರಶ್ಶಿನ ಎಳೆಗಳು ಕೊನೆಯಲ್ಲಿ ಎಡಕ್ಕೆ ಕೊಕ್ಕೆಯಂತೆ ತಿರುಗಿದ್ದವು. ಗುಂಡಿಯೊಳಗೂ, ಗರಗಸದ ಗಾಯದ ಮೇಲಿನ ಹೊಸ ಪಾಲಿಶ್‌ನಲ್ಲೂ ಹಾಗೆಯೇ.

ಮೂರೂ ಹತ್ತಕ್ಕೆ ಮೇಸ್ತ್ರಿಯ ಕಾರ್ಯಾಗಾರ. ಮೇಸ್ತ್ರಿಗೆ ಅರವತ್ತರ ಆಸುಪಾಸು. ಕಿಟಕಿಯ ಪಕ್ಕ ಇಪ್ಪತ್ತರ ಮಗಳು ಎಡಗೈಯಿಂದ ಸ್ಕ್ರೂಗಳನ್ನು ಡಬ್ಬಿಗಳಿಗೆ ಹಾಕುತ್ತಿದ್ದಳು. ಬಲಗೈ ಯಾರದೋ ವಸ್ತುವಿನಂತೆ ಮಡಿಲಲ್ಲಿ ಬಿದ್ದಿತ್ತು. ಇನ್‌ಸ್ಪೆಕ್ಟರ್ ಬಿಲ್ಲಿನ ತುಂಡುಗಳನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಕೆಲಸಾನಾ?"

"ಅಲ್ಲ." ಮೇಸ್ತ್ರಿ ಅತ್ತ ನೋಡಲೂ ಇಲ್ಲ.

"ನಾನೂ ಹಾಗೇ ಅಂದ್ಕೊಂಡೆ. ಶುದ್ಧ ಕಚಡಾ. ಹಸಿ ಮರ, ನೀರು ಬೆರೆಸಿದ ಅಂಟು. ಇಪ್ಪತ್ತಾರು ಇಂಚಿಗೇ ಪಟ್ ಅಂತು."

"ಪೊರಕೆ ಕಡ್ಡಿ ವಾಸಿ," ಎಂದಳು ಭೂತಗನ್ನಡಿ.

ಮೇಸ್ತ್ರಿಯ ಕತ್ತಿನ ನರ ಉಬ್ಬಿತು. "ಇಪ್ಪತ್ತಾರಕ್ಕೆ ಮುರಿಯಲ್ಲ."

"ಮುರೀತಲ್ಲ."

"ಆಗೋ ಮಾತಲ್ಲ ಸಾರ್! ಮೂವತ್ತು ದಾಟಲೇಬೇಕು. ಆ ಕ್ಲಬ್ಬಲ್ಲಿ ಅಷ್ಟುದ್ದ ಎಳೆಯೋ ಕೈ ಒಂದೇ..."

ಭೂತಗನ್ನಡಿ ಗಡಿಯಾರ ನೋಡಿ ಸಮಯ ಬರೆದುಕೊಂಡಳು.

"ಕ್ಲಬ್ಬು ಅಂತ ನಾನು ಬಾಯೇ ಬಿಟ್ಟಿರಲಿಲ್ಲ," ಎಂದರು ಇನ್‌ಸ್ಪೆಕ್ಟರ್.

ಮೇಸ್ತ್ರಿ ಉಳಿಯನ್ನು ಒರೆಸಿ ಅದರ ಜಾಗದಲ್ಲಿಟ್ಟ. "ನಮ್ಮಣ್ಣನಿಗೆ ಅಂತ ಮಾಡಿದ್ದು, ಮೂವತ್ತು ವರ್ಷದ ಹಿಂದೆ. ಆ ಕೋಚ್ ಥರ ಅವನದೂ ಉದ್ದ ಕೈ. ನಾನು ಮಾಡಿದ ಬಿಲ್ಲು ಅದೊಂದೇ." ಆಮೇಲೆ ತಡೆಯಲಾರದೆ ಕೇಳಿದ: "ಕಣ್ಣು ಹೋಯ್ತಾ?"

"ಹೋಯ್ತು. ಬಲಗಣ್ಣು."

ಆ ಮುಖದಲ್ಲಿ ನೆಮ್ಮದಿ ಹರಡಿತು. ಇನ್‌ಸ್ಪೆಕ್ಟರ್ ಅದು ಪೂರ್ತಿ ಹರಡುವವರೆಗೆ ಕಾದರು.

"ಕೋಚ್ ಕಣ್ಣಲ್ಲ. ಹದಿನಾಲ್ಕು ವರ್ಷದ ಹುಡುಗೀದು."

"ಸುಳ್ಳು. ಮಕ್ಕಳ ಕೈ ಅಷ್ಟು ದೂರ ಬರಲ್ಲ. ನಾನು ಅಳೆದೇ..."

"ಬರಲ್ಲ. ಅವನು ಮೊಣಕೈ ಹಿಡಿದು ಹಿಂದಕ್ಕೆ ಎಳೆದ."

ಕಿಟಕಿಯ ಬಳಿ ಸ್ಕ್ರೂಗಳ ಸದ್ದು ನಿಂತಿತು.

"ನನ್ನ ಕೈನೂ ಅವನು ಹಾಗೇ ತಾನೇ ಅಪ್ಪಾ ಎಳೆದಿದ್ದು?" ಎಂದಳು ಮಗಳು. ದನಿ ಏರಿರಲಿಲ್ಲ. "ಎಲ್ಲಾ ಅಳೆದೆ. ಇದೊಂದು ಮರ್ತು ಹೋಯ್ತಾ ನಿಂಗೆ?"

ಮೇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ, ಹೊಟ್ಟಿನ ರಾಶಿಯಲ್ಲಿ ಕೂತುಬಿಟ್ಟ.

ನಾಲ್ಕೂ ಐದಕ್ಕೆ ಬಂಧನ. ಗರಗಸ, ಮೇಣ, ಬ್ರಶ್ಶು ಜಪ್ತಿಯಾದವು. ಬಂಧನದ ವಿಷಯ ತಿಳಿಸಿದ್ದಕ್ಕೆ ಮಗಳು ಎಡಗೈಯಲ್ಲಿ ಸಹಿ ಹಾಕಿದಳು.

"ಮೂರು ವರ್ಷ ಆಯ್ತು," ಎಂದಳು ಭೂತಗನ್ನಡಿಗೆ. "ಭುಜದ ನರ ಕಿತ್ತುಹೋಯ್ತು. ತಲೆ ಬಾಚೋಕೂ ಕೈ ಏಳಲ್ಲ, ಅಪ್ಪನೇ ಬಾಚೋದು. ಆಗ ನಿಮ್ಮ ಠಾಣೆಗೇ ಬಂದಿದ್ವಿ."

ಕೋಚ್‌ನನ್ನೂ ಆ ಸಂಜೆ ಬಂಧಿಸಲಾಯಿತು. ಎರಡು ಗಂಟೆಯೊಳಗೆ ಜಾಮೀನು ಸಿಕ್ಕಿತು. ಹೋಗುವಾಗ, ಬುಧವಾರದ ಅಭ್ಯಾಸ ಎಂದಿನಂತೆ ನಡೆಯುತ್ತದೆಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ.

ಏಳು ಗಂಟೆಗೆ ಭೂತಗನ್ನಡಿ ಹಳೆಯ ಅರ್ಜಿಗಳ ಕಟ್ಟು ಬಿಚ್ಚಿದಳು. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇಸ್ತ್ರಿಯ ಅರ್ಜಿ ಒಂದೇ ಪುಟದ್ದು, ಸಾಲುಗಳು ಅಡ್ಡಪಟ್ಟಿ ಇಟ್ಟು ಬರೆದಂತೆ ನೇರ. ಅಂಚಿನಲ್ಲಿ ಷರಾ: 'ಆಟದಲ್ಲಿ ಪೆಟ್ಟು ಸಹಜ. ತಿಳಿ ಹೇಳಿ ಕಳಿಸಲಾಗಿದೆ. ಮುಕ್ತಾಯ.'

ಇನ್‌ಸ್ಪೆಕ್ಟರ್ ಓದಿದರು. "ಯಾರ ಅಕ್ಷರ ಇದು?"

"ನನ್ನದೇ ಸಾರ್."

ಅವರು ಪುಟವನ್ನು ವಾಪಸು ಕೊಟ್ಟರು. ಆಕೆ ಅದನ್ನು ಪ್ರಕರಣದ ಕಡತಕ್ಕೆ ಸೇರಿಸಿ, ದಾಖಲೆಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ ನಮೂದಿಸಿ, ಷರಾ ಬರೆದವರು ಎಂಬಲ್ಲಿ ತನ್ನ ಹುದ್ದೆ ಮತ್ತು ಸಂಖ್ಯೆ ಬರೆದಳು.