ಹೊಂಗೆಗೆ ಕಟ್ಟಿದ ತಗಡು

ಸಾವಂತ್ರಿ ಸೊಂಟದ ಕೊಡ ಇಳಿಸಿ ಹೊಂಗೆ ಸಸಿಗೆ ನೀರು ಬಗ್ಗಿಸುತ್ತಿದ್ದಳು. ಅದು ಆರನೆಯ ಕೊಡ. ಇನ್ನೂ ಹದಿನಾಲ್ಕು ಸಸಿ ಬಾಕಿ ಇದ್ದವು.

"ಹಂಗೆ ದಬಕ್ಕನೆ ಸುರೀಬ್ಯಾಡ್ರೀ! ಬೇರು ಬಯಲಾಗ್ತೈತೆ."

ತಿರುಗಿ ನೋಡಿದಳು. ಮಾಸಿದ ಖಾಕಿ ಅಂಗಿ ತೊಟ್ಟ, ಕಂಡರಿಯದ ಗಂಡಸು!

"ಕೆರೆಯಿಂದ ಇಲ್ಲೀತನಕ ಹೊತ್ತು ತಂದೋಳಿಗೆ ಬುದ್ಧಿ ಹೇಳಾಕೆ ಬಂದ್ರಾ? ಹಂಗಾದ್ರೆ ನೀವೇ ಹೊರ್ರಿ!"

ಅವನು ಕೊಡ ಇಸಿದುಕೊಂಡು, ಹೆಗಲಿಗೇರಿಸಿ ಕೆರೆಗಿಳಿದ. ಸಾವಂತ್ರಿಗೆ ನಗು ಬಂತು. ನಗುವಿನ ಹಿಂದೆಯೇ ಎದೆಯೊಳಗೆ ಏನೋ ತುಳುಕಿತು...

ಅದು ಎಪ್ಪತ್ತಾರನೆಯ ಇಸವಿ. ಸೂಳೆಕೆರೆಯ ದಂಡೆಯಲ್ಲಿ ಸರ್ಕಾರ ಒಂದು ವನ ಮಾಡಿತ್ತು. ಮಾಡಿ ಮರೆತುಬಿಟ್ಟಿತ್ತು. ನೀರಿಗೆ ಮೋಟರಿಲ್ಲ, ದನ ತಡೆಯಲು ಬೇಲಿಯಿಲ್ಲ. ಇದ್ದವನು ದಿನಗೂಲಿ ವಾಚರ್ ಒಬ್ಬನೇ, ಆ ವಾರವಷ್ಟೇ ಬಂದಿದ್ದ ಈ ಖಾಕಿ ಅಂಗಿಯ ಚಿತ್ತಪ್ಪ. ಅದಕ್ಕೇ ಕೆರೆಬಿಳಚಿಯ ಹೆಂಗಸರು ಸರದಿ ಮಾಡಿಕೊಂಡು ನೀರು ಹೊರುತ್ತಿದ್ದರು. ಉಳ್ಳವರು ಒಂದೊಂದು ಸಸಿಗೆ ಮುಳ್ಳುಬೇಲಿ ಕಟ್ಟಿಸಿಕೊಡುತ್ತಿದ್ದರು. ಕಟ್ಟಿಸಿದವರ ಮನೆಯವರೊಬ್ಬರ ಹೆಸರನ್ನು ತಗಡಿನ ಮೇಲೆ ಬರೆಸಿ ಸಸಿಗೆ ಕಟ್ಟುವುದು ಅಲ್ಲಿಯ ರೂಢಿ.

ಎರಡು ವರ್ಷ ಇಬ್ಬರೂ ಜೊತೆಯಲ್ಲೇ ನೀರು ಹೊತ್ತರು. ಒಂದು ದಿನ ಚಿತ್ತಪ್ಪ ಕೇಳಿಯೇಬಿಟ್ಟ.

"ಸಾವಂತ್ರಮ್ಮಾರೇ, ನಿಮ್ಮಪ್ಪಾರ ಹತ್ರ ಹೆಣ್ಣು ಕೇಳಾಕೆ ಬರ್ಲಾ?"

ಹೂಂ ಎನ್ನಲು ಅವಳಿಗೆ ನಾಚಿಕೆ. "ಸೋಮವಾರ ನೋಡ್ರಿ... ನನ್ನ ಉತ್ತರ ಆ ಹೊಂಗೆಗೆ ಕಟ್ಟಿರ್ತೀನಿ," ಎಂದು ಓಡಿಬಿಟ್ಟಳು.

ಕಿವಿಯ ಓಲೆ ಮಾರಿ ಹೊಂಗೆಗೆ ಬೇಲಿ ಹಾಕಿಸಿದಳು. ಬಸವಾಪಟ್ಟಣದ ಬೋರ್ಡು ಬರೆಯುವವನ ಹತ್ತಿರ ತಗಡು ಒಯ್ದು, "ವನದ ಮರಕ್ಕೆ, ಚಿತ್ತಪ್ಪ ಅಂತ ಬರ್ದುಕೊಡಪ್ಪಾ," ಎಂದಳು. ಅವನು ಬರೆದುಕೊಟ್ಟ. ಸಾವಂತ್ರಿಗೆ ಅಕ್ಷರ ಬರುತ್ತಿರಲಿಲ್ಲ. ಕೆಂಪು ಬಣ್ಣ ಚೆಂದ ಕಂಡಿತು, ಕಟ್ಟಿದಳು.

ಮಂಗಳವಾರ ಬಂದರೆ ಚಿತ್ತಪ್ಪನಿಲ್ಲ! ಸೋಮವಾರವೇ ಜಗಳೂರಿನ ನರ್ಸರಿಗೆ ಬದಲಿ ಕೇಳಿಕೊಂಡು ಹೊರಟುಹೋಗಿದ್ದ. ಒಂದು ಮಾತೂ ಹೇಳಿರಲಿಲ್ಲ.

'ನನ್ನ ಒಪ್ಪಿಗೆ ನೋಡಿ ಓಡಿಹೋದರಾ? ಹಾಗಾದರೆ ಕೇಳಿದ್ದಾದರೂ ಯಾಕೆ?'

ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಅಪ್ಪ ಬೈದು ಬೈದು ಸುಮ್ಮನಾದ, ಆಮೇಲೆ ತೀರಿಯೇಹೋದ. ನೀರು ಹೊರುವ ಇಪ್ಪತ್ತು ಹೆಂಗಸರು ಹತ್ತಾದರು, ನಾಲ್ಕಾದರು, ಕಡೆಗೆ ಸಾವಂತ್ರಿ ಮತ್ತು ಪಕ್ಕದ ಮನೆಯ ಕರಿಯಕ್ಕ ಇಬ್ಬರೇ ಉಳಿದರು. ಬೇಲಿಗಳು ಒಲೆ ಸೇರಿದವು. ಒಣಗಿದ ಮರಗಳಲ್ಲಿ ತಗಡುಗಳಷ್ಟೇ ಅಲ್ಲಾಡುತ್ತಿದ್ದವು.

ಎಂಬತ್ನಾಲ್ಕರಲ್ಲಿ ಊರಿಗೆ ರಾತ್ರಿಶಾಲೆ ಬಂತು. ಸಾವಂತ್ರಿ ಸೇರಿದಳು. ಹಗಲು ನೀರು ಹಾಕುತ್ತಾ ತಗಡುಗಳನ್ನೇ ಕೂಡಿಸಿ ಕೂಡಿಸಿ ಓದುವುದು ಅವಳ ಅಭ್ಯಾಸವಾಯಿತು. ಒಂದು ಬೆಳಿಗ್ಗೆ ತನ್ನ ಹೊಂಗೆಯ ಮುಂದೆ ನಿಂತಳು.

'ಸ್ವ...ರ್ಗ...ಸ್ಥ... ಚಿತ್ತಪ್ಪನವರ... ನೆನಪಿಗಾಗಿ.'

ಕೊಡ ಕೈಜಾರಿತು.

ಪಕ್ಕದ ಮರ ಓದಿದಳು. ಅದರಾಚೆಯದನ್ನೂ ಓದಿದಳು. ಎಲ್ಲ ತಗಡಿನಲ್ಲೂ ಅದೇ! ವನಕ್ಕೆಂದು ತಗಡು ತಂದವರೆಲ್ಲ ತೀರಿಹೋದವರ ಹೆಸರೇ ಬರೆಸುತ್ತಿದ್ದರು. ಬೋರ್ಡಿನವನು ಕೇಳದೆ, ರೂಢಿಯಂತೆ ಬರೆದುಕೊಟ್ಟಿದ್ದ. ಓದಬಲ್ಲವರು ಇವಳ ಸತ್ತ ಬಂಧು ಯಾರೋ ಇರಬೇಕೆಂದುಕೊಂಡಿದ್ದರು.

ಹೆಣ್ಣು ಕೇಳಿದವನಿಗೆ ಅವಳು ಕೊಟ್ಟ ಉತ್ತರ ಅದು!

'ಅಯ್ಯೋ... ಇದನ್ನ ಓದಿ ಹೋದರಾ ನೀವು...'

ಕುಡುಗೋಲಿನಿಂದ ಹೆಸರೊಂದನ್ನು ಬಿಟ್ಟು ಮಿಕ್ಕ ಅಕ್ಷರಗಳನ್ನೆಲ್ಲ ಕೆರೆದು ಹಾಕಿದಳು. ಬೆರಳು ಕುಯ್ದುಕೊಂಡಳು. ಅಂದೇ ಚಿತ್ತಪ್ಪನಿಗೆ ಕಾಗದ ಬರೆದಳು. ಆದರೆ ಅಂಚೆಗೆ ಹಾಕಲಿಲ್ಲ. ಅವರಿಗೆ ಹೆಂಡತಿ ಮಕ್ಕಳು ಇದ್ದರೆ? ಆರು ವರ್ಷ ಕಳೆದ ಮೇಲೆ ಯಾವ ಮುಖದಲ್ಲಿ...? ಕಾಗದ ಟ್ರಂಕಿನ ಸೀರೆಯ ಮಡಿಕೆಯಲ್ಲಿ ಎರಡು ವರ್ಷ ಮಲಗಿತು.

ಪ್ರತಿ ವರ್ಷ ಮುಂಗಾರಿಗೆ ಮೊದಲು ಬಸ್ಸಿನ ಟಾಪಿನ ಮೇಲೆ ವನಕ್ಕೆಂದು ಒಂದು ಬುಟ್ಟಿ ಸಸಿ ಬರುತ್ತಿತ್ತು. ಕಳಿಸಿದವರ ಹೆಸರಿರುತ್ತಿರಲಿಲ್ಲ. "ಸರ್ಕಾರಕ್ಕೆ ಇಷ್ಟಾದ್ರೂ ನೆನಪೈತಲ್ಲೇ," ಎಂದು ಕರಿಯಕ್ಕ ನಗುತ್ತಿದ್ದಳು. ಎಂಬತ್ತಾರನೆಯ ಇಸವಿಯ ಬುಟ್ಟಿಯಲ್ಲಿ ಒಂದು ಚೀಟಿ ಇತ್ತು. ಸಾವಂತ್ರಿಯೇ ಓದಿದಳು.

'ನನ್ನ ಸ್ವಂತ ದುಡಿಮೆಯ ಸಸಿಗಳು ಇವು. ನರ್ಸರಿ ಮುಚ್ಚುತ್ತಿದ್ದಾರೆ, ತಿಂಗಳ ಕೊನೆಗೆ ಎಲ್ಲಿ ಹೋಗುತ್ತೇನೋ ತಿಳಿಯದು. ಒಬ್ಬನೇ ಇದ್ದೇನೆ, ಎಲ್ಲಾದರೂ ನಡೆದೀತು. ಅಲ್ಲಿ ಒಬ್ಬ ಸತ್ತವನ ಹೊಂಗೆ ಇದೆ. ಅದಕ್ಕೊಂದು ಕೊಡ ನೀರು ಹಾಕುತ್ತಿರಿ.'

ಸಾವಂತ್ರಿ ಬುಟ್ಟಿಯ ಮೇಲೆಯೇ ಕವುಚಿ ಬಿದ್ದು ಅತ್ತಳು.

"ಯಾಕೇ? ಏನೈತೇ ಅದ್ರಾಗೆ?"

"ಕರಿಯಕ್ಕಾ... ಎಂಟು ವರ್ಷ ಅವರ ಪಾಲಿಗೆ ನಾನೇ ಅವರನ್ನ ಸಾಯಿಸಿಬಿಟ್ಟಿದ್ದೆ ಕಣಕ್ಕಾ!"

ಆ ವಾರವೇ ಸರ್ಕಾರ ವನವನ್ನೂ ಮುಚ್ಚುವುದಿತ್ತು. ಮರಗಳಲ್ಲಿ ಬದುಕಿದ್ದವು ಹನ್ನೊಂದು. ಹೊಂಗೆಯ ಒಂದೇ ಒಂದು ಕೊಂಬೆ ಹಸಿರಾಗಿತ್ತು.

ಸಾವಂತ್ರಿ ಟ್ರಂಕು ತೆರೆದು ಕಾಗದ ತೆಗೆದಳು.

'ನೀವು ಓದಿದ್ದು ನಾನು ಹೇಳಿದ ಮಾತಲ್ಲ. ಆಗ ನನಗೆ ಓದು ಬರುತ್ತಿರಲಿಲ್ಲ. ನಿಮ್ಮ ಹೆಸರೊಂದನ್ನೇ ಬರೆಸಿದ್ದೇನೆ ಅಂದುಕೊಂಡಿದ್ದೆ. ಹೆಣ್ಣು ಕೇಳಲು ಬರಲಾ ಅಂದಿರಿ. ಬನ್ನಿ ಅನ್ನುವುದೇ ನನ್ನ ಉತ್ತರವಾಗಿತ್ತು.'

ಕೊನೆಯಲ್ಲಿ ಒಂದು ಸಾಲು ಸೇರಿಸಿದಳು. 'ಈಗಲೂ ಅದೇ.'

ಕೆರೆಬಿಳಚಿಯ ಅಂಚೆ ಡಬ್ಬಿಯ ಮುಂದೆ ನಿಂತು ಅವಳು ಜಗಳೂರಿನ ವಿಳಾಸವನ್ನು ಇನ್ನೊಮ್ಮೆ ಓದಿಕೊಂಡಳು.

"ತಡ ಆತು ಅಂತ ಅವ್ರು ಸುಮ್ನಿದ್ರೆ ಏನೇ ಮಾಡ್ತೀ?" ಕರಿಯಕ್ಕ ಮೆಲ್ಲಗೆ ಕೇಳಿದಳು.

"ಇರ್ಲಿ ಬಿಡಕ್ಕಾ. 'ನನ್ನ ಪಾಲಿಗೆ ನೀವು ಬದುಕೇ ಇದೀರಿ' ಅಂತ ಅವ್ರಿಗೆ ನಾನು ಹೇಳ್ಬೇಕಲ್ಲ."

ಕಾಗದ ಡಬ್ಬಿಯೊಳಗೆ ಬಿತ್ತು.